ಲೋಹದ ಸೊಂಟದ ಕೀಲು: ಅಳೆದದ್ದು ಏನನ್ನು?

ಒಂದಕ್ಕೊಂದು ಉಜ್ಜುವ ಭಾಗಗಳಲ್ಲಿ ಒಂದು ಪ್ಲಾಸ್ಟಿಕ್ಕಿನದಾದರೆ ಬೇಗ ಸವೆಯುತ್ತದೆ. ಎರಡೂ ನುಣುಪಾದ ಲೋಹದವಾದರೆ ಹೆಚ್ಚು ಕಾಲ ಬಾಳುತ್ತವೆ. ನೀವೂ ಹೀಗೆಯೇ ಯೋಚಿಸುತ್ತೀರಿ ತಾನೆ? ಕೃತಕ ಸೊಂಟದ ಕೀಲಿನ ವಿಷಯದಲ್ಲಿ ಅನೇಕ ತಜ್ಞರ ದಾರಿ ತಪ್ಪಿಸಿದ್ದೂ ಇದೇ ತರ್ಕ.

ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಚಾರ್ನ್‌ಲೀ 1962ರಲ್ಲಿ ಲೋಹದ ಚಿಕ್ಕ ಚೆಂಡಿಗೆ ಪಾಲಿಎಥಿಲೀನ್ ಬಟ್ಟಲನ್ನು ಜೋಡಿಸಿದರು. ಈ ಕೀಲು ಯಶಸ್ವಿಯಾಯಿತು. ಆದರೆ ವರ್ಷಗಳು ಕಳೆದಂತೆ, ಸವೆದ ಪ್ಲಾಸ್ಟಿಕ್ ಕಣಗಳಿಂದಾಗಿ ಸುತ್ತಲಿನ ಮೂಳೆ ಕ್ಷಯಿಸಿ ಕೀಲು ಸಡಿಲವಾಗುತ್ತಿತ್ತು. ಇದಕ್ಕೆ ಪರಿಹಾರವೆಂದು 1990ರ ದಶಕದಲ್ಲಿ ಕೋಬಾಲ್ಟ್-ಕ್ರೋಮಿಯಮ್ ಮಿಶ್ರಲೋಹದ ಚೆಂಡು-ಬಟ್ಟಲುಗಳು ಮತ್ತೆ ಬಳಕೆಗೆ ಬಂದವು. ಪ್ರಯೋಗಾಲಯದ ಯಂತ್ರದಲ್ಲಿ ಅವುಗಳ ಸವೆತ ತೀರ ಕಡಿಮೆ. ಚೆಂಡನ್ನು ದೊಡ್ಡದು ಮಾಡಬಹುದಾದ್ದರಿಂದ ಕೀಲು ತಪ್ಪುವ ಸಂಭವವೂ ಕಡಿಮೆ.

ಈ ವಾದದಲ್ಲಿ ಎರಡು ದೋಷಗಳಿವೆ. ಮೊದಲನೆಯದಾಗಿ, ಗಮನವೆಲ್ಲ ಸವೆದ ಲೋಹದ ಒಟ್ಟು ಗಾತ್ರದ ಮೇಲಿತ್ತು. ಲೋಹದ ಕಣಗಳು ನ್ಯಾನೋಮೀಟರುಗಳ ಅಳತೆಯವು. ಒಟ್ಟು ಗಾತ್ರ ಕಡಿಮೆಯಿದ್ದರೂ ಸಂಖ್ಯೆ ಅಪಾರ. ಅವು ಸುತ್ತಲಿನ ಊತಕಗಳನ್ನು ಹಾಳುಮಾಡಬಲ್ಲವು. ಲೋಹದ ಅಯಾನುಗಳು ರಕ್ತವನ್ನೂ ಸೇರುತ್ತವೆ. ಎರಡನೆಯದಾಗಿ, ಯಂತ್ರದಲ್ಲಿ ಬಟ್ಟಲನ್ನು ಸರಿಯಾದ ಕೋನದಲ್ಲಿ ಕೂರಿಸಬಹುದು. ದೇಹದಲ್ಲಿ ಅದು ಓರೆಯಾದರೆ ಭಾರ ಅಂಚಿನ ಮೇಲೆ ಬಿದ್ದು ಸವೆತ ಹೆಚ್ಚುತ್ತದೆ.

ರೋಗಿಗಳ ದಾಖಲೆ ಏನು ಹೇಳಿತು? ಇಂಗ್ಲೆಂಡ್ ಮತ್ತು ವೇಲ್ಸ್‌ನ 4 ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳ ವಿಶ್ಲೇಷಣೆ 2012ರಲ್ಲಿ ಪ್ರಕಟವಾಯಿತು. ಕಿರಿಯ ವಯಸ್ಸಿನ ಮಹಿಳೆಯರಲ್ಲಿ 5 ವರ್ಷದೊಳಗೆ ಮರುಶಸ್ತ್ರಚಿಕಿತ್ಸೆಯ ಪ್ರಮಾಣ 46 ಮಿ.ಮೀ. ಲೋಹ-ಲೋಹ ಕೀಲಿಗೆ ಶೇ. 6.1; 28 ಮಿ.ಮೀ. ಲೋಹ-ಪಾಲಿಎಥಿಲೀನ್ ಕೀಲಿಗೆ ಶೇ. 1.6. ಲೋಹದ ಚೆಂಡು ದೊಡ್ಡದಾದಷ್ಟೂ ವೈಫಲ್ಯ ಹೆಚ್ಚು. ಸೆರಾಮಿಕ್ ಕೀಲಿನಲ್ಲಿ ಇದು ತಿರುಗುಮುರುಗು: 60 ವರ್ಷದ ಪುರುಷರಲ್ಲಿ 28 ಮಿ.ಮೀ. ಚೆಂಡಿಗೆ ಶೇ. 3.3, 40 ಮಿ.ಮೀ. ಚೆಂಡಿಗೆ ಶೇ. 2.0.

ಹಾಗೆಂದು ಲೋಹವನ್ನೇ ದೂರುವಂತಿಲ್ಲ. ತೊಡೆಮೂಳೆಯ ತಲೆಗೆ ಲೋಹದ ಟೋಪಿ ತೊಡಿಸುವ, 1997ರಲ್ಲಿ ಬಂದ ಬರ್ಮಿಂಗ್‌ಹ್ಯಾಮ್ ಕೀಲು ದೊಡ್ಡ ಮೈಕಟ್ಟಿನ ಯುವಕರಲ್ಲಿ ಚೆನ್ನಾಗಿ ಬಾಳಿದೆ. ಅದೇ ಬಗೆಯ ಲೋಹದ ಎ.ಎಸ್.ಆರ್. ಕೀಲನ್ನು ಅದರ ತಯಾರಕರು 2010ರಲ್ಲಿ ಜಗತ್ತಿನಾದ್ಯಂತ ಹಿಂತೆಗೆದುಕೊಳ್ಳಬೇಕಾಯಿತು. ಅದರ ಬಟ್ಟಲು ಹೆಚ್ಚು ಆಳವಿರಲಿಲ್ಲ.

ಭಾರತದಲ್ಲಿ ಸುಮಾರು 4,700 ಎ.ಎಸ್.ಆರ್. ಶಸ್ತ್ರಚಿಕಿತ್ಸೆಗಳು ನಡೆದಿದ್ದವು. ಆ ರೋಗಿಗಳಲ್ಲಿ ಬಹುಪಾಲಿನವರ ಪತ್ತೆಯೇ ಸಿಗಲಿಲ್ಲ. ಪತ್ತೆಯಿಲ್ಲದವರ ನೋವು ಯಾವ ಅಂಕಿಅಂಶಕ್ಕೂ ಸೇರುವುದಿಲ್ಲ.

ಹೊಸ ಸಾಧನದ ಹೊಗಳಿಕೆ ಓದಿದಾಗ ತರಗತಿಯಲ್ಲಿ ಈ ಪ್ರಶ್ನೆ ಕೇಳಿ ನೋಡಿ: ಅಳೆದದ್ದು ಏನನ್ನು, ಯಾರಲ್ಲಿ, ಎಷ್ಟು ವರ್ಷ?