ಪುಣ್ಯಕೋಟಿಯ ಕರುವಿನ ಕಡೆಯಿಂದ

ಮಗುವನ್ನು ಕಳೆದುಕೊಂಡ ದಂಪತಿಯ ದುಃಖವನ್ನು ಬೇಂದ್ರೆ ಬರೆದರು; ನಮ್ಮ ವಿಮರ್ಶೆ ಅದನ್ನು ಮತ್ತೆ ಮತ್ತೆ ಓದಿದೆ. ತಾಯಿಯನ್ನು ಕಳೆದುಕೊಳ್ಳುವ ಮಗುವಿನ ದುಃಖವೂ ನಮ್ಮ ಕಣ್ಣೆದುರಿಗೇ ಇದೆ, ‘ಗೋವಿನ ಹಾಡಿ’ನಲ್ಲಿ. ಆದರೆ ಅದನ್ನು ನಾವು ಸತ್ಯದ ಕತೆಯೆಂದು ಕಲಿಸಿ ಮುಗಿಸುತ್ತೇವೆ.

ಈಚೆಗೆ ಸಂಶೋಧನೆಗಾಗಿ ಇಡೀ ಹಾಡನ್ನು ಓದುವಾಗ ನಾನು ನಿಂತದ್ದು ಹುಲಿಯ ಎದುರಲ್ಲ, ದೊಡ್ಡಿಯಲ್ಲಿ. ಪುಣ್ಯಕೋಟಿ ಕರುವಿಗೆ ಹಾಲೂಡಿಸಲು ಬಂದವಳು, ಇನ್ನೇನು ಸಾಯಲು ಹೋಗುತ್ತಿದ್ದೇನೆ ಎಂಬುದನ್ನು ಮುಚ್ಚಿಡುವುದಿಲ್ಲ. ಕರು ಸಾವೆಂದರೇನು ಎಂದು ಕೇಳುವುದೂ ಇಲ್ಲ. ಅದರ ಚಿಂತೆಯೆಲ್ಲ ನಾಳೆಯ ಹಾಲಿನದು, ರಾತ್ರಿ ಒರಗಿಕೊಳ್ಳುವ ಮೈಯದು. ಎಲ್ಲಿ ಮೇಯಬಾರದು ಎಂದು ತಾಯಿ ಹೇಳಿಕೊಡುತ್ತಾಳೆ. ಆಮೇಲೆ ಉಳಿದ ಹಸುಗಳ ಕಡೆ ತಿರುಗಿ ತಬ್ಬಲಿಯನ್ನು ಅವರ ಕೈಗೆ ಒಪ್ಪಿಸುತ್ತಾಳೆ. ಎಂಥ ಸಮಾಧಾನದ ಮಾತೂ ಮಾಡಲಾಗದ ಕೆಲಸವನ್ನು ಈ ಒಪ್ಪಿಸುವಿಕೆ ಮಾಡುತ್ತದೆ: ಇನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು ಕರುವಿನ ಎದುರಿಗೇ ತೀರ್ಮಾನವಾಗುತ್ತದೆ.

ನನ್ನಮ್ಮ ತೀರಿಕೊಂಡಾಗ ನನಗೆ ಎಂಟು ವರ್ಷ. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ ಎಂದು ಹೇಳಿ ನನ್ನನ್ನು ಚಿಕ್ಕಮ್ಮನ ಮನೆಗೆ ಕಳಿಸಿದರು. ತಿಥಿಯ ದಿನ ಕರೆತಂದಾಗ ಗೋಡೆಯ ಫೋಟೋಗೆ ಹಾರ ಹಾಕಿತ್ತು. ಯಾರೂ ಏನೂ ಹೇಳಲಿಲ್ಲ. ಕೈಗೆ ವಡೆ ಕೊಟ್ಟರು. ಅವರಿಗೂ ಹೇಳುವುದು ಹೇಗೆಂದು ಗೊತ್ತಿರಲಿಲ್ಲ ಎಂಬುದು ಈಗ ಅರ್ಥವಾಗುತ್ತದೆ. ಅದೇ ವರ್ಷ ತರಗತಿಯಲ್ಲಿ ಈ ಪದ್ಯ ಬಂತು. ಮೇಡಂ ರಾಗವಾಗಿ ಹಾಡಿದಾಗ ಅಕ್ಕಪಕ್ಕದವರೆಲ್ಲ ಅತ್ತರು. ನಾನು ಅಳಲಿಲ್ಲ. ಪುಣ್ಯಕೋಟಿ ತಿರುಗಿ ಬಂದಳಲ್ಲ ಎಂದು ಸಿಟ್ಟು ಬಂದಿತ್ತು.

ಆ ಸಿಟ್ಟನ್ನು ಇಂದಿಗೂ ವಿಮರ್ಶೆಯಾಗಿಯೇ ಎಣಿಸುತ್ತೇನೆ. ಕರುವನ್ನು ತಬ್ಬಲಿತನಕ್ಕೆ ಅಷ್ಟು ಪ್ರಾಮಾಣಿಕವಾಗಿ ಸಿದ್ಧಪಡಿಸಿದ ಹಾಡು, ಕೊನೆಗೆ ಹುಲಿಯನ್ನು ಸಾಯಿಸಿ ತಾಯಿಯನ್ನು ಮರಳಿ ಕೊಟ್ಟುಬಿಡುತ್ತದೆ. ಸತ್ಯ ನುಡಿದವರು ಉಳಿಯುತ್ತಾರೆ ಎಂದಾದರೆ, ಉಳಿಯದ ಅಮ್ಮನ ಬಗ್ಗೆ ಎಂಟು ವರ್ಷದ ಮಗು ಏನೆಂದುಕೊಳ್ಳಬೇಕು? (ಹುಲಿಯ ಸಾವಿಗೆ ಯಾರೂ ಅಳುವುದಿಲ್ಲ, ಅದು ಬೇರೆಯೇ ಲೇಖನ.)

ನನ್ನ ಅಧ್ಯಾಯದಲ್ಲಿ ಇದನ್ನು ದೋಷವೆಂದೇ ಬರೆದಿದ್ದೇನೆ. ಮಾರ್ಗದರ್ಶಕರು ಒಪ್ಪಿಲ್ಲ. ಅದನ್ನು ಕೇಳುತ್ತಾ ಮಲಗುವ ಮಗುವಿಗೆ ರಾತ್ರಿ ನಿದ್ದೆ ಬರಬೇಡವೇನಮ್ಮ, ಎಂದು ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದಾರೆ. ಅದನ್ನು ಇನ್ನೂ ಅಳಿಸಿಲ್ಲ.