ಮೊದಲು ಮಾತ್ರೆ, ಆಮೇಲೆ ಕಲ್ಚರ್

ಗಡಗಡ ನಡುಗಿಸುವ ಚಳಿಜ್ವರ, ಪಕ್ಕೆಯ ಹಿಂದೆ ನೋವು, ವಾಂತಿ. ಕಿಡ್ನಿಗೆ ಸೋಂಕು ತಗಲಿದ ಇಂಥವರಿಗೆ ನಮ್ಮಲ್ಲಿ ಮೊದಲ ಚಿಕಿತ್ಸೆ ಸಿಗುವುದು ಎಷ್ಟೋ ಸಲ ಮೆಡಿಕಲ್ ಶಾಪಿನಲ್ಲೇ. ಎರಡು ದಿನಕ್ಕಾಗುವಷ್ಟು ಸೆಫಿಕ್ಸಿಮ್ ಎಂಬ ಆ್ಯಂಟಿಬಯೋಟಿಕ್, ಜೊತೆಗೆ ಬಾರ್ಲಿ ನೀರಿನ ಸಲಹೆ. ಜ್ವರ ಬಿಡದಿದ್ದರೆ ನರ್ಸಿಂಗ್ ಹೋಮಿನ ಇಂಜೆಕ್ಷನ್, ಡ್ರಿಪ್. ಅದಕ್ಕೂ ಬಗ್ಗದಿದ್ದಾಗ ಮೂತ್ರದ ಕಲ್ಚರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ, ನೆನಪಾಗುತ್ತದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವ ಈ ಕ್ರಮಕ್ಕೆ ರೋಗಿಯೊಬ್ಬರನ್ನೇ ದೂರಿ ಫಲವಿಲ್ಲ. ಎಷ್ಟೋ ವೈದ್ಯರ ಚೀಟಿಯೂ ಹೀಗೆಯೇ ಸಾಗುತ್ತದೆ.

ಬಹುಪಾಲು ಸಲ ಈ ಸೋಂಕಿಗೆ ಕಾರಣ ನಮ್ಮದೇ ಕರುಳಿನ ಇ. ಕೋಲೈ ಬ್ಯಾಕ್ಟೀರಿಯಾ. ಮೂತ್ರಕೋಶ ಸೇರಿ, ಅಲ್ಲಿಂದ ಮೂತ್ರನಾಳ ಹಿಡಿದು ಕಿಡ್ನಿಗೆ ಏರುತ್ತದೆ. ಮೂತ್ರ ಹೊರಬರುವ ದಾರಿ ಹೆಂಗಸರಲ್ಲಿ ಗಿಡ್ಡ, ಹಾಗಾಗಿ ಅವರಿಗೇ ಕಾಟ ಹೆಚ್ಚು. ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು, ಕಲ್ಲು ಅಥವಾ ಪ್ರಾಸ್ಟೇಟ್ ತೊಂದರೆಯವರು ಇನ್ನಷ್ಟು ಎಚ್ಚರದಿಂದಿರಬೇಕು.

ಕಲ್ಚರ್ ವರದಿಗೆ ಎರಡು ದಿನವಾದರೂ ಬೇಕು, ಅಲ್ಲಿಯವರೆಗೆ ಔಷಧಿ ಕೊಡದಿರಲಾದೀತೇ ಎನ್ನುತ್ತಾರೆ. ಯಾರೂ ಕಾಯಬೇಕಿಲ್ಲ. ಮೂತ್ರ ಹಿಡಿದುಕೊಟ್ಟ ಮರುಗಳಿಗೆಯೇ ಆ್ಯಂಟಿಬಯೋಟಿಕ್ ಶುರುಮಾಡಬಹುದು. ವರದಿ ಬಂದಾಗ ಬದಲಿಸಬಹುದು. ಮಾತ್ರೆ ಹೊಟ್ಟೆಗಿಳಿದ ಮೇಲೆ ಹಿಡಿದ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯದೇ ಹೋಗಬಹುದು. ಆಗ ಬರುವ ‘ನೋ ಗ್ರೋತ್’ ವರದಿ ನೋಡಿ ಮನೆಯವರು ಸೋಂಕೇ ಇಲ್ಲವೆಂದು ನೆಮ್ಮದಿಯಾಗುತ್ತಾರೆ.

ಕಲ್ಚರ್ ಇಲ್ಲದೆ ಬರೀ ಊಹೆಯ ಮೇಲೆ ಔಷಧಿ ಕೊಡುವ ಕಾಲ ಇದಲ್ಲ. ದೊಡ್ಡ ಆಸ್ಪತ್ರೆಗಳ ಮಾಹಿತಿ ಕಲೆಹಾಕುವ ಐಸಿಎಂಆರ್ ವರದಿಗಳಲ್ಲಿ ಬಹುತೇಕ ಇ. ಕೋಲೈ ಸಿಪ್ರೋಫ್ಲಾಕ್ಸಾಸಿನ್‌ಗೂ ಮೂರನೇ ತಲೆಮಾರಿನ ಸೆಫಲೋಸ್ಪೋರಿನ್‌ಗಳಿಗೂ ಬಗ್ಗುತ್ತಿಲ್ಲ. ಅದೇ ಗುಂಪಿನ ಸೆಫಿಕ್ಸಿಮ್ ಮಾರಿದರೆ ರೋಗಿಯ, ವೈದ್ಯರ ಹೆಸರು ಬರೆದು ಆ ರಿಜಿಸ್ಟರನ್ನು ಮೂರು ವರ್ಷ ಇಟ್ಟುಕೊಳ್ಳಬೇಕೆಂಬ ‘ಶೆಡ್ಯೂಲ್ ಎಚ್1’ ನಿಯಮ 2014ರಿಂದಲೇ ಇದೆ. ಆ ರಿಜಿಸ್ಟರ್ ಕೇಳಿ ನೋಡಿದ ಗಿರಾಕಿ ಯಾರಾದರೂ ಇದ್ದಾರೆಯೇ?

ಸಕಾಲಕ್ಕೆ ಕಲ್ಚರ್ ಮಾಡಿಸಿದರೂ ಎಡವುವ ಜಾಗವೊಂದಿದೆ. ವರದಿಯಲ್ಲಿ ನೈಟ್ರೋಫ್ಯುರಾಂಟೋಯಿನ್ ಎದುರು ‘ಸೆನ್ಸಿಟಿವ್’ ಎಂದಿರುತ್ತದೆ, ಬೆಲೆಯೂ ಕಡಿಮೆ. ಆದರೆ ಅದು ಮೂತ್ರದಲ್ಲಿ ಶೇಖರವಾಗುವ ಔಷಧಿ. ಕಿಡ್ನಿಯ ಮಾಂಸದಲ್ಲಿ ಸಾಕಷ್ಟು ಸೇರುವುದಿಲ್ಲ. ಮೂತ್ರಕೋಶದ ಉರಿಗೆ ಒಳ್ಳೆಯದು, ಇಲ್ಲಿ ನಿರುಪಯೋಗಿ. ಇನ್ನು, ಸರಿಯಾದ ಔಷಧಿ ಕೊಟ್ಟೂ 72 ಗಂಟೆಯಲ್ಲಿ ಜ್ವರ ಇಳಿಯದಿದ್ದರೆ ಸ್ಕ್ಯಾನ್ ಮಾಡಲೇಬೇಕು. ಕಲ್ಲು ಅಡ್ಡ ನಿಂತು ಕೀವು ಕಟ್ಟಿಕೊಂಡಿದ್ದರೆ ಸ್ಟೆಂಟ್ ಹಾಕಿಯೋ ಬೆನ್ನಿನಿಂದ ಕೊಳವೆ ಇಳಿಸಿಯೋ ಅದನ್ನು ಹರಿಯಬಿಡಬೇಕು. ಬರೀ ಇಂಜೆಕ್ಷನ್ ಸಾಲದು.

ಸಣ್ಣ ಊರಿನ ವೈದ್ಯರ ಕಷ್ಟವೂ ನಿಜ. ಹೊರಗಿಟ್ಟ ಮೂತ್ರ ಎರಡು ಗಂಟೆಯೊಳಗೆ ಲ್ಯಾಬ್ ಸೇರಬೇಕು, ಲ್ಯಾಬ್ ಇರುವುದು ಜಿಲ್ಲಾ ಕೇಂದ್ರದಲ್ಲಿ. ಫ್ರಿಜ್ಜಿನಲ್ಲಿಟ್ಟರೆ, ಅಥವಾ ಬೋರಿಕ್ ಆಮ್ಲ ಹಾಕಿದ ಬಾಟಲಿಯಲ್ಲಿ ಹಿಡಿದರೆ, ಒಂದು ದಿನ ತಡೆಯುತ್ತದೆ. ಸೆಫ್ಟ್ರಯಾಕ್ಸೋನ್ ಇಂಜೆಕ್ಷನ್ ದಾಸ್ತಾನಿಡುವ ಕಪಾಟಿನಲ್ಲೇ ಆ ಬಾಟಲಿಗೂ ಜಾಗ ಸಾಕು.