ಪ್ರಾಕೃತದ ತೃತೀಯಾಂತ ಕರ್ತೃ: ಒಂದು ವಿಮರ್ಶೆ

ಪ್ರಾಕೃತ ಕಥಾಗ್ರಂಥಗಳನ್ನು ಕನ್ನಡಿಸುವಾಗ ತೃತೀಯಾಂತ ಕರ್ತೃವೂ ಭೂತಕೃದಂತವೂ ಉಳ್ಳ ವಾಕ್ಯಗಳನ್ನು ಕರ್ಮಣಿ ಪ್ರಯೋಗವೆಂದೆಣಿಸಿ, 'ಅವನಿಂದ ಬರೆಯಲ್ಪಟ್ಟಿತು' ಎಂಬ ರೀತಿಯಲ್ಲಿ ಅನುವಾದಿಸುವ ರೂಢಿಯುಂಟು. ಈ ರೂಢಿ ಪರಿಶೀಲನಾರ್ಹವಾಗಿದೆ.

'ಸೋ ಆಗಓ' (ಅವನು ಬಂದನು) ಎಂಬಲ್ಲಿ ಅಕರ್ಮಕ ಕ್ರಿಯೆಯ ಕರ್ತೃ ಪ್ರಥಮೆಯಲ್ಲಿದೆ. 'ತೇಣ ಗಾಹಾ ಲಿಹಿಯಾ' (ಅವನು ಗಾಥೆಯನ್ನು ಬರೆದನು), 'ತೇಣ ಪೋತ್ಥಯಂ ಲಿಹಿಯಂ' (ಅವನು ಪುಸ್ತಕವನ್ನು ಬರೆದನು) ಎಂಬಲ್ಲಿ ಸಕರ್ಮಕದ ಕರ್ತೃ ತೃತೀಯೆಯಲ್ಲಿದ್ದು, ಕೃದಂತವು ಕರ್ಮದ ಲಿಂಗವಚನಗಳನ್ನು ಅನುಸರಿಸುತ್ತದೆ. ಭೂತಕಾಲದ ಕಥನಕ್ಕೆ ಇದೇ ಸಹಜ ಮಾರ್ಗವಾದಾಗ, ಭಾಷಾಶಾಸ್ತ್ರಜ್ಞರು ಎರ್ಗೆಟಿವ್ ಎನ್ನುವ ರಚನೆ ಸಿದ್ಧಿಸುತ್ತದೆ. ಹಿಂದಿಯ 'ಉಸ್‌ನೇ ಗಾಥಾ ಲಿಖೀ' ಎಂಬುದು ಈ ಪರಂಪರೆಯದೇ.

ಇರಾನೀ ಶಾಖೆಯ ಕುರ್ಮಾಂಜಿ ಕುರ್ದಿಷ್ ಭಾಷೆಯಲ್ಲಿಯೂ ಹೀಗೆಯೇ. 'ಎಜ್ ತೆ ದಿಬೀನಿಮ್' (ನಾನು ನಿನ್ನನ್ನು ನೋಡುತ್ತೇನೆ) ಎಂಬಲ್ಲಿ ಕ್ರಿಯೆ ಕರ್ತೃವನ್ನು ಅನುಸರಿಸಿದರೆ, 'ಮಿನ್ ತು ದೀತೀ' (ನಾನು ನಿನ್ನನ್ನು ನೋಡಿದೆನು) ಎಂಬಲ್ಲಿ ಕರ್ಮವನ್ನು ಅನುಸರಿಸುತ್ತದೆ. ಇದರ ಮೂಲವಾದ ಪ್ರಾಚೀನ ಪಾರಸೀಕ ರಚನೆ ಕರ್ಮಣಿಯಲ್ಲ, ಸ್ವಾಮ್ಯಸೂಚಕವೆಂದು ಬೆಂವೆನಿಸ್ತ್ 1952ರಲ್ಲಿ ಪ್ರತಿಪಾದಿಸಿದರು. ಕಾರ್ಡೋನಾ 1970ರಲ್ಲಿ ಅದನ್ನು ವಿರೋಧಿಸಿದರು.

ಈ ರಚನೆ ಅಳಿಯುವುದೂ ಉಂಟು. ರಾಮನಗರ, ಚನ್ನಪಟ್ಟಣಗಳಲ್ಲಿ ಕನ್ನಡದ ನೆರೆಯಲ್ಲಿ ಬಾಳುವ ದಖ್ಖನಿ ಉರ್ದುವಿನಲ್ಲಿ 'ನೇ' ಪ್ರತ್ಯಯ ಸಾಮಾನ್ಯವಾಗಿ ಲುಪ್ತವಾಗಿ, ಕನ್ನಡದಂತೆಯೇ ಕ್ರಿಯೆಯು ಕರ್ತೃವನ್ನು ಅನುಸರಿಸುತ್ತದೆ: 'ಮೈ ಕಿತಾಬ್ ಪಢಾ' (ನಾನು ಪುಸ್ತಕ ಓದಿದೆನು). ವಿಭಕ್ತಿ ಬದಲಾದರೂ ಓದಿದವನು ಕರ್ತೃವಾಗಿಯೇ ಉಳಿದಿದ್ದಾನೆ.

ಈ ವಿವೇಕ ನಮ್ಮ ಶಾಸ್ತ್ರಕ್ಕೆ ಹೊಸದಲ್ಲ. ಪಾಣಿನಿಯು (2-3-18) ತೃತೀಯೆಯನ್ನು ಕರ್ತೃವಿಗೂ ಕರಣಕ್ಕೂ ವಿಧಿಸಿದ್ದಾನೆ; ಕಾರಕವೇ ಬೇರೆ, ವಿಭಕ್ತಿಯೇ ಬೇರೆ. ಕ್ತ್ವಾಂತಕ್ಕೆ (3-4-21) ಸಮಾನಕರ್ತೃಕತ್ವವನ್ನು ಹೇಳುವಾಗಲೂ ಅವನು ನೋಡುವುದು ಕಾರಕವನ್ನೇ. 'ತೇಣ ಆಗಂತೂಣ ಗಾಹಾ ಲಿಹಿಯಾ' ಎಂಬಲ್ಲಿ ಬಂದವನೂ ಬರೆದವನೂ ಒಬ್ಬನೇ. ಇದನ್ನು 'ಅವನಿಂದ ಬಂದು ಗಾಥೆ ಬರೆಯಲ್ಪಟ್ಟಿತು' ಎಂದರೆ ಗಾಥೆಯೇ ನಡೆದುಬಂದಂತಾಗುತ್ತದೆ!

ಆದುದರಿಂದ ಅನುವಾದಕರು 'ಅವನು ಬಂದು ಗಾಥೆಯನ್ನು ಬರೆದನು' ಎಂದೇ ಬರೆಯುವುದು ಯುಕ್ತ. ಸಂಪಾದಕರಾದರೋ ಮೂಲದ 'ತೇಣ' ಎಂಬುದನ್ನು ಕನ್ನಡದ ಅಭ್ಯಾಸಬಲದಿಂದ 'ಸೋ' ಎಂದು ತಿದ್ದಲಾಗದು. ಅನುವಾದದಲ್ಲಿ ಕಾರಕವೂ ಪಾಠದಲ್ಲಿ ವಿಭಕ್ತಿಯೂ ಉಳಿಯಬೇಕು.